ಡ್ರಾಂಗೋ

ಚಾಮುಂಡಿಬೆಟ್ಟದ ಬುಡದ ರೇಸ್ ಕೋರ್ಸಿನ ಲಾಯದಲ್ಲಿ
ನಮ್ಮಪ್ಪ ಮಂಟೇಲಿಂಗಯ್ಯ ಬೈಗುಳ ಕಲಿತ.
ಮಾಲೀಶು ಮಾಡುತ್ತ, ಹುರುಳಿ ನೆನೆಸುತ್ತ, ಲದ್ದಿ ಬಾಚುತ್ತ ಕಲಿತ.
ಸಂಜೆ ಇಟ್ಟಿಗೆಗೂಡಿನ ಒಂದೂವರೆ ಕೋಣೆಯ ಮನೆಗೆ
ಬೀಡಿಕಟ್ಟಿನ ಪಕ್ಕ, ಅಂಗಿಜೇಬಿನಲ್ಲಿಟ್ಟು ತಂದ
ಒಡೆಯದ ಹಾಗೆ, ಮೊಟ್ಟೆ ತಂದಂತೆ.

'ಬ್ಲಡಿ ಅಂದ್ರೇನವ್ವ?'
ನೆತ್ತರು ಅಂದೆ. ಎಂಟನೇ ಕ್ಲಾಸು ನಾನು.
'ಬೆಳಗಿಂದ ಆ ದೊರೆ ಬಕೀಟಿಗೆ ಬ್ಲಡಿ,
ಮಳೆಗೆ ಬ್ಲಡಿ, ಜೀನಿಗೆ ಬ್ಲಡಿ!
ನಾಕು ಕಾಲೂ ಎತ್ತೆತ್ತಿ ನೋಡ್ದೆ,
ಎಲ್ಲೂ ಗಾಯಿಲ್ಲ.'

ದೊರೆಯೆಂದರೆ ಇಂಗ್ಲೆಂಡಿನ ಟ್ರೇನರು, ಪೆಂಬರ್ಟನ್.
ಅವನ ಬೈಗುಳ ಇಸ್ತ್ರಿ ಮಾಡಿದ್ದು,
ತುಟಿ ಅಲುಗದೆ ಮೂಗಿನಿಂದ ಇಳಿಯುತ್ತಿತ್ತು.
'ಡ್ಯಾಫ್ಟ್' ಅಂದರೆ ಮಂಕು,
'ನಂಪ್ಟಿ' ಅಂದರೆ ಇನ್ನೂ ಒಂದು ಸೇರು ಮಂಕು,
'ವಿತ್ ರೆಸ್ಪೆಕ್ಟ್' ಅಂದರೆ ಎಲ್ಲಕ್ಕಿಂತ ದೊಡ್ಡ ಬೈಗುಳ
ಎಂದು ತಿಳಿಯಲು ಅಪ್ಪನಿಗೆ ಎರಡು ಸೀಸನ್ ಹಿಡಿಯಿತು.

ಜಾಕಿ ಬೇರೆ ನಮೂನೆ. ಆಸ್ಟ್ರೇಲಿಯಾದ ಡೇರಲ್.
ಅರ್ಧ ಮಾತು ನುಂಗುವ ಬಾಯಿ;
ಮಧ್ಯಾಹ್ನವನ್ನೇ 'ಆರ್ವೋ' ಎಂದು ಬಾಲ ಕೊಯ್ದು ಬಿಸಾಡುತ್ತಿದ್ದ.
ಅವನಿಗೆ ಎಲ್ಲರೂ 'ಮೇಟ್',
ಸಾಲ ಕೊಟ್ಟವನೂ, ತಗೊಂಡು ಓಡಿದವನೂ.
ಸಿಟ್ಟು ಬಂದರೆ ಆ 'ಮೇಟ್' ತಣ್ಣಗಾಗುತ್ತಿತ್ತು,
ಪ್ರೀತಿ ಉಕ್ಕಿದರೆ 'ಬಾಸ್ಟರ್ಡ್'.
'ನಮ್ಮ ಮಳವಳ್ಳಿ ಕಡೆಯವ್ನೇ ಕಣವ್ವ ಇವ್ನು.'
ನಮ್ಮಲ್ಲೂ ಹಂಗೇ ತಾನೆ,
ಆರು ತಿಂಗಳ ಮೇಲೆ ಬಂದ ಭಾವಮೈದನನ್ನು
'ಬಂದ್ಯಾ, ಬಡ್ಡೈದ್ನೆ' ಎಂದು ತಬ್ಬದಿದ್ದರೆ
ಉಣ್ಣದೆ ಎದ್ದು ಹೋದಾನು.
ಬಹುವಚನ ಬಂತೆಂದರೆ ಜಗಳ ಖಾತ್ರಿ.

ಅಪ್ಪನೂ ಕಲಿಸಿದ. ತಿಕ್ಲ, ಮುಕ್ಕ, ಮುಂಡೇದೆ.
ಮುಂಡೇದೆ ಅನ್ನುವಾಗ ನಗಬೇಕು, ಇಲ್ಲದಿದ್ದರೆ ಏಟು ಬೀಳುತ್ತದೆ
ಎಂದು ಕೈಸನ್ನೆಯಲ್ಲೇ ವ್ಯಾಕರಣ ಹೇಳಿದ.
ಡೇರಲ್ ಮೊದಲು ಪ್ರಯೋಗಿಸಿದ್ದು
ಕಪ್ಪು ಕೊಡಲು ಬಂದ ಕ್ಲಬ್ಬಿನ ಕಾರ್ಯದರ್ಶಿಯ ಮೇಲೆ.
ನಕ್ಕುಕೊಂಡೇ. ನಿಯಮ ಮುರಿದಿರಲಿಲ್ಲ.

ಲೇಡಿ ಮಾರಿಗೋಲ್ಡ್ ಎಂಬುದೊಂದು ಹೆಣ್ಣುಕುದುರೆ,
ಅಪ್ಪನ ಬಾಯಲ್ಲಿ ಮಾರಿಗೌಡ್ತಿ.
ಅದು ಎಂದಿನಂತೆ ಕೊನೆಗೆ ಬಂದ ದಿನ
ಡೇರಲ್ ಇಳಿದು, ಕುತ್ತಿಗೆ ತಟ್ಟಿ ಅಂದನಂತೆ: 'ಡ್ರಾಂಗೋ.'
ಅಪ್ಪನ ಕುತ್ತಿಗೆಗೂ ಒಂದು ತಟ್ಟು: 'ಯೂ ಟೂ, ಮಾಂಟಿ.'

ಶಾಲೆಯ ದಪ್ಪ ಡಿಕ್ಷನರಿಯಲ್ಲಿ ಹುಡುಕಿದೆ.
ಕಪ್ಪು ಹಕ್ಕಿ, ಕವಲುಬಾಲ, ಚಿತ್ರವೂ ಇತ್ತು.
'ಕಾಜಾಣ ಕಣಪ್ಪ!'
ಬೀಡಿ ಹಚ್ಚುವುದನ್ನೇ ಮರೆತ.
ಕಾಜಾಣ! ಹಸುವಿನ ಬೆನ್ನೇರಿ ಊರು ಸುತ್ತುವ,
ಹದ್ದನ್ನೂ ಅಟ್ಟಿಸಿಕೊಂಡು ಹೋಗುವ ಪುಟಾಣಿ ರೌಡಿ!
ಮಾರನೆಯ ದಿನ ಎದೆ ಸೆಟೆಸಿ ಲಾಯಕ್ಕೆಲ್ಲ ಸಾರಿದ: ನಾನು ಡ್ರಾಂಗೋ.
ಉಳಿದ ಹುಡುಗರಿಗೂ ಆಸೆ,
'ನಮ್ಗೂ ಒಂದು ಹಕ್ಕಿ ಹೆಸರು ಕೊಡ್ಸಣ್ಣ.'
ಅವರಿಗೆ 'ಗಲಾ' ಸಿಕ್ಕಿತು. ಗುಲಾಬಿ ಎದೆಯ ಗಿಳಿಜಾತಿ.
ಅದೂ ಬೈಗುಳವೇ.

ಇನ್ನೊಂದು ಅರ್ಥ ನನಗೆ ಸಿಕ್ಕಿದ್ದು ಬಹಳ ತಡವಾಗಿ,
ನಾನೇ ಇಂಗ್ಲಿಷ್ ಮೇಷ್ಟ್ರಾದ ಮೇಲೆ.
ಆ ನಾಡಿನಲ್ಲಿ ಡ್ರಾಂಗೋ ಅಂದರೆ ಪೆದ್ದ.
ಹಕ್ಕಿಯ ಹೆಸರಿನ ಕುದುರೆಯೊಂದು ಹಿಂದೆ
ಮೂವತ್ತೇಳು ಸಲ ಓಡಿ
ಒಂದು ಸಲವೂ ಗೆಲ್ಲಲಿಲ್ಲವಂತೆ.

ಹೇಳಿಬಿಡೋಣವೆಂದು ಮನೆಗೆ ಬಂದೆ.
ಡೇರಲ್ ಹೋಗಿ ಹದಿನಾರು ವರ್ಷ,
ಮಾರಿಗೌಡ್ತಿಯನ್ನು ಯಾರೋ ಟಾಂಗಾಕ್ಕೆ ಕೊಂಡೊಯ್ದಿದ್ದರು.
ಅಪ್ಪ ಜಗುಲಿಯ ಮೇಲೆ, ಹಕ್ಕಿ ತಂತಿಯ ಮೇಲೆ,
ಕಾಗೆಯೊಂದನ್ನು ಈಗಷ್ಟೇ ಕುಕ್ಕಿ ಬಂದು ಕೂತಿತ್ತು.
'ಗೌಡ್ತಿ ಎಷ್ಟು ಸಲ ಓಡಿದ್ಳು ಗೊತ್ತಾ?
ಇಪ್ಪತ್ತೆರಡು. ಒಂದೂ ಗೆಲ್ನಿಲ್ಲ.
ಅವ್ನು ಅಂದಿದ್ದು ಅದ್ಕೇ ತಾನೆ?'

ನನ್ನ ಬಾಯಿ ಕಟ್ಟಿತು.

'ಅನ್ನುವಾಗ ಕೈ ಎಲ್ಲಿತ್ತು ನೋಡ್ಬೇಕು ಕಣವ್ವ.
ನಿನ್ನ ಡಿಕ್ಷನರೀಲಿ ಕೈ ಇರಕಿಲ್ಲ.'

ತಂತಿ ಅಲುಗಿತು, ಹಕ್ಕಿ ಇರಲಿಲ್ಲ.

'ಹೋಗು, ಟೀ ಇಡೋಗು,' ಅಂದ,
'ಡ್ರಾಂಗೋ.'