ಗುಲಗಂಜಿ ಕಣ್ಣು

ಮುನಿರಾಬಾದಿನ ಬಸ್ ಸ್ಟ್ಯಾಂಡಿನೆದುರು ನನ್ನ ಅಂಗಡಿ.
ಗಡಿಯಾರ ರಿಪೇರಿಯೆಂದು ಬೋರ್ಡಿದೆ,
ಗಡಿಯಾರ ಯಾರೂ ತರುವುದಿಲ್ಲ.
ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಇದೆಯಲ್ಲ,
ಅದಕ್ಕೆ ಹಳೆಯದೇನಿದ್ದರೂ ತರುತ್ತಾರೆ:
ಹಾಲಿ ಸಿಕ್ಕಾ ರೂಪಾಯಿ, ಕೀಲಿಯಿಲ್ಲದ ಬೀಗ,
ಮತ್ತೆ, ಡ್ಯಾಮು ಕಟ್ಟುವ ಕಾಲದ ಸಾಹೇಬರು
ಬಿಟ್ಟುಹೋದ ಹುಸಿಮೀನು.

ಹುಸಿಯಲ್ಲೂ ಅಸಲು ನಕಲು ಉಂಟು.
ಮೊದಲು ಮೂಸಬೇಕು.
ಹಳೆಯ ಬಣ್ಣ ಮುಚ್ಚಿಟ್ಟ ಪೆಟ್ಟಿಗೆಯ ಹಾಗೆ ನಾರುತ್ತದೆ;
ನಿನ್ನೆ ಚಹಾದಲ್ಲಿ ಅದ್ದಿ ಮುದಿ ಮಾಡಿದ್ದು
ಚಹಾದ ಹಾಗೆಯೇ.
ಆಮೇಲೆ ಕಣ್ಣು. ಬರೆದದ್ದೋ, ಗಾಜಿನದೋ.
ಗಾಜಾದರೆ ಎಲ್ಲೋ ಒಂದು ಗುಳ್ಳೆ,
ಊದಿದವನ ಉಸಿರು ಅಲ್ಲೇ ಉಳಿದಿರುತ್ತದೆ.
ಹೊಟ್ಟೆಯ ತಿರುಪು ನೋಡಬೇಕು. ಗಾಳದ ತುಕ್ಕು
ತಾನಾಗಿ ಬಂದದ್ದೋ, ಉಪ್ಪುನೀರು ಕುಡಿಸಿ ಬರಿಸಿದ್ದೋ.
ಕೊನೆಗೆ ಹಲ್ಲಿನ ಗುರುತು.
ಹೈದರಾಬಾದಿನ ನನ್ನ ಗಿರಾಕಿಗೆ ಅದು ಇರಬಾರದು.
ಕಚ್ಚಿಸಿಕೊಂಡದ್ದಕ್ಕೆ ಅರ್ಧ ಬೆಲೆ.
ಒಂದು ಮೀನನ್ನೂ ಮೋಸ ಮಾಡದ ಹುಸಿಮೀನಿಗೆ,
ಅದೂ ಡಬ್ಬಿಯ ಸಮೇತ ಇದ್ದರೆ,
ಕೇಳಿದಷ್ಟು.

ಶಿವಪುರದ ಅಂಬಿಗೇರ ಯಮನೂರವ್ವ ಬಂದಳು.
ಬಿಸ್ಕೀಟು ಡಬ್ಬಿ, ಸೀರೆಯ ಚೂರು, ಒಳಗೆ ಐದು.
"ನಮ್ಮ ಮಾವ ಗಾಳೆಪ್ಪ, ಸಾಹೇಬಗ ಹರಿಗೋಲು ಹಾಕತಿದ್ದ.
ಕಡೀ ತಿಂಗಳ ಪಗಾರ ಕೊಡಲಿಲ್ಲಂತ, ಇವನ್ನ ಕೊಟ್ಟನಂತ.
ಎಷ್ಟು ಬಾಳತಾವ ನೋಡ್ರಿ."

ಹಿತ್ತಾಳೆ ಚಮಚ ಎರಡು. ಬೆನ್ನ ಮೇಲಿನ ಅಚ್ಚು ಅರ್ಧ ಸವೆದಿದೆ.
ಎರಡೂ ಸೇರಿ ಆರುನೂರು.
ಮರದ್ದೊಂದು, ಗಾಜುಗಣ್ಣು, ಗೀರಿಲ್ಲ:
ಎರಡು ಸಾವಿರದ ಮುನ್ನೂರು.
ಇನ್ನೊಂದರ ಬಾಲ ಮುರಿದಿತ್ತು. ನೂರೈವತ್ತೆಂದೆ.
ಅವಳ ಮುಖ ನೋಡಿ ಇನ್ನೂರೆಂದೆ.

ಐದನೆಯದು ಕೈಗೆ ಭಾರವೇ ಇಲ್ಲ.
ಕಂಪನಿಯಿಲ್ಲ, ನಂಬರಿಲ್ಲ. ಗಿಳಿಹಸಿರು ಮೈ, ಕೆಂಪು ಹೊಟ್ಟೆ.
ಚಕ್ಕೆ ಎದ್ದಲ್ಲಿ ಹೆಬ್ಬೆರಳಿಂದ ಕೆರೆದೆ:
ಬಿಳಿ ಪುಡಿ, ಹುಣಸೆಬೀಜದ ಅಂಟಿನ ವಾಸನೆ.
ವಿಲಾಯಿತಿಯದಲ್ಲ ತಾಯಿ, ಇದು ನಮ್ಮ ಕಿನ್ನಾಳದ್ದು.
ಗೊಂಬೆ ಮಾಡುವ ಯಾವುದೋ ಕೈ
ಸಾಹೇಬನ ಮೀನನ್ನು ಎದುರಿಗಿಟ್ಟುಕೊಂಡು ಕೆತ್ತಿದೆ;
ಕಿವಿರಿನ ಹತ್ತಿರ ಬಂದಾಗ ಮೈಮರೆತು
ಒಂದು ಗರಿ ಬರೆದುಬಿಟ್ಟಿದೆ.
ಕಣ್ಣಿಗೆ ಗುಲಗಂಜಿ.
ಒಂದಿದೆ. ಒಂದು ಉದುರಿ, ಗುಳಿ.

ಮೈತುಂಬ ಹಲ್ಲು. ಹದಿನೇಳರವರೆಗೆ ಎಣಿಸಿ ಬಿಟ್ಟೆ.
"ಸಾಹೇಬಂದು ಬಿಟ್ಟರ ಬಾಳಿಮೀನು ತಿರುಗಿ ನೋಡತಿದ್ದಿಲ್ಲಂತ.
ಇದನ್ನ ಬಿಟ್ಟರ ಹರಿಗೋಲು ಗಿರ್ರನೆ ತಿರುಗತಿತ್ತಂತ."
ನಕ್ಕಳು. "ಸಾಹೇಬಗ ಹೊಟ್ಟಿಕಿಚ್ಚು."

ಬೆಲೆ ಹೇಳಲು ಬಾಯಿ ತೆರೆದೆ. ಅವಳೇ ಅಂದಳು:
"ಇದಕ್ಕ ರೇಟು ಬ್ಯಾಡ. ಕಣ್ಣು ಹಾಕಿ ಕೊಡ್ರಿ."

ಅಕ್ಕಸಾಲಿ ಮೌನೇಶನ ಅಂಗಡಿ ಪಕ್ಕಕ್ಕೇ.
ಅವನ ತಕ್ಕಡಿ ಈಗ ಕರೆಂಟಿನದು,
ಆದರೂ ಅವರಪ್ಪನ ಗುಲಗಂಜಿ ಡಬ್ಬಿ
ಲಕ್ಷ್ಮೀ ಪಟದ ಹಿಂದೆ ಕೂತಿದೆ.
"ಏನು ತೂಗಬೇಕು?"
"ತೂಗಾಕಲ್ಲೋ, ನೋಡಾಕ."
ಅಂಗೈಯಲ್ಲಿ ಹೊರಳಿಸಿ ಹೊರಳಿಸಿ
ಕಪ್ಪು ದುಂಡಗಿದ್ದದ್ದನ್ನು ಆರಿಸಿ ಕೊಟ್ಟ.

ವಾಚಿಗೆ ಕಲ್ಲು ಕೂರಿಸುವಷ್ಟೇ ಉಸಿರು ಹಿಡಿದು ಕೂರಿಸಿದೆ.
ಹಳೆಯ ಕಣ್ಣು ಮಂಕು, ಹೊಸದು ಮಿಂಚು.
ಗಿರಾಕಿ ನೋಡಿದ್ದರೆ ಉಳಿದರ್ಧದಲ್ಲೂ ಅರ್ಧ ಇಳಿಸುತ್ತಿದ್ದ.
ಯಮನೂರವ್ವ ಬೆಳಕಿಗೆ ಹಿಡಿದಳು,
ಆ ಕಡೆ ತಿರುಗಿಸಿದಳು, ಈ ಕಡೆ.
"ಈಗ ಎರಡೂ ದಂಡಿ ಕಾಣತಾವ ಇದಕ್ಕ."

ಲೆಕ್ಕದ ಪುಸ್ತಕದಲ್ಲಿ ಆ ದಿನದ ಜಮಾ:
ಕಣ್ಣು ಒಂದು, ಹತ್ತು ರೂಪಾಯಿ.
ಮಧ್ಯಾಹ್ನ ರೊಟ್ಟಿ ಮುರಿಯುವಾಗ
ಹೆಬ್ಬೆರಳ ಉಗುರಿನಲ್ಲಿ ಇನ್ನೂ ಹಸಿರಿತ್ತು.
ತೊಳೆಯದೆ ತಿಂದೆ.