ಅಳತೆ ಪುಸ್ತಕ

ಇವು ಮಾರ್ಚಿ ತಿಂಗಳ ಅಳತೆಗಳು, ನೋಡಿ:
ಎದೆ ಇಪ್ಪತ್ತಾರು, ತೋಳು ಹದಿನೈದೂವರೆ,
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ, ‘ತುಂಟ, ನಿಲ್ಲುವುದಿಲ್ಲ’.
ಕಿಸುಮು ಊರಿನ ಕಿಬುಯೆ ಸಂತೆಯ ಹಿಂದೆ
ತಗಡಿನ ಮಾಡು, ನಾಲ್ಕು ಮಿಷನ್ನು,
ಮೂರು ಶಾಲೆಗಳ ಸಮವಸ್ತ್ರ ನನ್ನದೇ ಗುತ್ತಿಗೆ.

ಭಾನುವಾರ ರೇಡಿಯೋ ಹೇಳಿತು,
ನಾಳೆಯಿಂದ ಶಾಲೆ ಇಲ್ಲ.
ಮೂರು ವಾರ ಅಂದುಕೊಂಡೆವು.
ಔಕೋ ಕತ್ತರಿಗೆ ಎಣ್ಣೆ ಹಚ್ಚಿ
ಚಿಂದಿಯಲ್ಲಿ ಸುತ್ತಿಟ್ಟ, ಕೂಸು ಮಲಗಿಸಿದ ಹಾಗೆ.

ಶಾಲೆಗೆ ಬೀಗ ಹಾಕಬಹುದು,
ಮಕ್ಕಳ ಎಲುಬಿಗೆ ಹಾಕಲಾದೀತೆ?
ಬಾಗಿಲ ಬಿಸಿಲಿಗೆ ನೂರಾ ಹನ್ನೊಂದು ಅಂಗಿ
ತೂಗಿದಲ್ಲೇ ತೂಗುತ್ತಿದ್ದವು.
ಅವರು ಅಲ್ಲೆಲ್ಲೋ, ಇದ್ದ ದಿನ ಉಗಾಲಿ ಮುದ್ದೆ,
ಇಲ್ಲದ ದಿನ ತೆಳ್ಳನೆ ಗಂಜಿ ಕುಡಿದು
ಆದರೂ ಉದ್ದವಾಗುತ್ತಿದ್ದರು.

ಏಪ್ರಿಲ್ ಕೊನೆಗೆ ಹಸಿರು ಲಂಗದ ಬಟ್ಟೆ ಕತ್ತರಿಸಿ
ಮುಖಗವಸು ಹೊಲಿದೆವು. ಒಂದಕ್ಕೆ ಇಪ್ಪತ್ತು ಶಿಲ್ಲಿಂಗು.
ಮೀನಿನವಳು, ಬೋಡಾ ಬೈಕಿನವನು, ಪಾದ್ರಿ,
ಎಲ್ಲರೂ ಐದನೇ ಕ್ಲಾಸಿನವರಾದರು.
ಎರಡು ವಾರ ನಕ್ಕೆವು.
ಆಮೇಲೆ ಕಾರ್ಖಾನೆಯದು ಬಂತು, ಐದಕ್ಕೊಂದು, ಡಬ್ಬಿಗಟ್ಟಲೆ.

ಜೂನಿನಲ್ಲಿ ಕಾಜಾ ಹಾಕುವ ನಫೂಲಾ,
“ನೀನು ಹೇಳುವ ಮೊದಲು ನಾನೇ ಹೋಗುತ್ತೇನಮ್ಮ” ಅಂದಳು.
ಮೇಜಿನ ಖಾನೆಯಲ್ಲಿ ಅವಳ ಅಂಗುಸ್ತಾನ ಉಳಿಯಿತು.
ನನ್ನ ಬೆರಳಿಗೆ ಅದು ಹಿಡಿಸಲಿಲ್ಲ.

ಬಟ್ಟೆ ಸಾಲಕ್ಕೆ ಗಡುವು ಕೇಳಲು
ಹಸ್ಮುಖ್ ಭಾಯಿಯ ಅಂಗಡಿಗೆ ನಡೆದೆ.
ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ,
ಎಲ್ಲಿ ಅಳುವುದು, ಎಲ್ಲಿ ಗದರುವುದು ಅಂತ.
ಅರ್ಧ ಎಳೆದ ಷಟರಿನ ಕೆಳಗೆ ಕೂತು
ಥಾನುಗಳ ಧೂಳು ಒರೆಸುತ್ತಿದ್ದ.
ನಾನು ಬಾಯಿ ತೆರೆಯುವ ಮೊದಲೇ,
“ಸಾವಿರವಾದರೂ ಇದೆಯಾ, ಅಪೊಂಡಿ? ಕರೆಂಟು ಕಿತ್ತರು.”
ಕೊಟ್ಟವನೂ ಕೊಡಬೇಕಾದವಳೂ ಮೆಟ್ಟಿಲ ಮೇಲೆ
ಚಹಾ ಕುಡಿದೆವು. ದುಡ್ಡು ಯಾರು ಕೊಟ್ಟರೋ.

ಆಗಸ್ಟಿಗೆ ಒಂದು ಮಿಷನ್ನು ಹೋಯಿತು,
ನವೆಂಬರಿಗೆ ಇನ್ನೊಂದು.
ನೆಲದಲ್ಲಿ ಕಾಲಿನ ಗುರುತು, ನಾಲ್ಕು, ನಾಲ್ಕು.
ಗುಡಿಸುವಾಗ ಈಗಲೂ ಸುತ್ತಿಕೊಂಡು ಹೋಗುತ್ತೇನೆ.

ಡಿಸೆಂಬರಿನಲ್ಲಿ ಅವೂರ್ ಬಂದಳು,
ಪುಟ ಹದಿನೇಳು, ಸೊಂಟ ಇಪ್ಪತ್ತಮೂರು.
ಮುಂಗಡದ ಮುನ್ನೂರು ವಾಪಸು ಬೇಕಂತೆ.
ಸೆಕೆಯಲ್ಲೂ ಶಾಲು ಸರಿಸದೆ ನಿಂತಿದ್ದಳು.
ಟೇಪು ತಾನಾಗಿ ಕೈಗೆ ಬಂದಿತ್ತು,
ಮತ್ತೆ ಕೊರಳಿಗೆ ಹಾಕಿಕೊಂಡೆ.
ಗಲ್ಲದಲ್ಲಿ ನೂರೆಂಬತ್ತೇ ಇತ್ತು, ಕೊಟ್ಟೆ.
ಅವಳ ಲಂಗವನ್ನೂ ಮಡಚಿ ಕೊಟ್ಟೆ.
“ಇದು ಯಾಕೆ?”
ನನಗೂ ಗೊತ್ತಿರಲಿಲ್ಲ.
“ಒಳಗೆ ಎರಡಿಂಚು ಬಿಟ್ಟಿದ್ದೇನೆ” ಅಂದೆ.

ಜನವರಿಯ ಸೋಮವಾರ ತಾಯಂದಿರು ಸಾಲು ನಿಂತರು.
ಹೊಸದಕ್ಕೆ ಯಾರಲ್ಲೂ ದುಡ್ಡಿಲ್ಲ.
ಅಂಗಿಯ ತೋಳಿನಾಚೆ ಮೂರು ಬೆರಳು ಮಣಿಕಟ್ಟು.
ಔಕೋ ವರ್ಷವೆಲ್ಲ ಬೈಯುತ್ತಿದ್ದ,
ಮಡಿಕೆಗೆಂದು ಬಟ್ಟೆ ದಂಡ ಮಾಡುತ್ತೀ ಅಂತ.
ಈಗ ತಾನೇ ಬ್ಲೇಡು ಹಿಡಿದು
ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಾನೆ.

ಬಿಚ್ಚಿದಲ್ಲಿ ಬಟ್ಟೆ ಇನ್ನೂ ಗಾಢ ನೀಲಿ,
ಉಳಿದದ್ದು ಬಿಸಿಲಿಗೆ ಬಿಳಿಚಿದೆ.
ತುಂಟ ಬಂದು ನಿಂತ. ಅಲ್ಲಾಡದೆ ನಿಂತ.
ಆ ಪೆನ್ಸಿಲ್ ಸಾಲನ್ನು ಹೊಡೆದುಹಾಕಬೇಕು,
ಕೈ ಬರುತ್ತಿಲ್ಲ.