ಕಣದಲ್ಲಿ ವಿಮಾನ

ಮೂವತ್ತೊಂದು ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವಳು ನಾನು,
ಬೇಲೂರು, ಬಾದಾಮಿ, ಒಮ್ಮೆ ಧೈರ್ಯ ಮಾಡಿ ಗೋವಾ.
ಒಂದು ಮಗುವನ್ನೂ ಕಳೆದುಕೊಂಡಿಲ್ಲ,
ಚಪ್ಪಲಿ, ನೀರಿನ ಬಾಟಲಿಗಳ ಲೆಕ್ಕ ಬೇರೆ.
ಅದಕ್ಕೇ ಇರಬೇಕು, ದೇಚುವಿನ ಮದುವೆ ಈಪೋದಲ್ಲಿ ಎಂದಾಗ
ಇಡೀ ಒಕ್ಕ ನನ್ನ ಕಡೆ ತಿರುಗಿತು:
"ಸೀತವ್ವ ಟೀಚರ್ ಇದ್ದಾರಲ್ಲ."

ಮಲೇಷ್ಯಾದ ಹುಡುಗಿಯರಿಗೆ ಹಾಕಿ ಕಲಿಸುತ್ತಾಳೆ ದೇಚು.
ಹುಡುಗ ಅಲ್ಲಿಯವನೇ, ಗೋಲ್‌ಕೀಪರ್.
"ಇವಳ ಹೊಡೆತ ಒಂದನ್ನೂ ತಡೆಯಲಾಗಲಿಲ್ಲ" ಎಂದು
ಫೋನಿನಲ್ಲಿ ನಕ್ಕ. ನಮಗೆ ಅಷ್ಟರಲ್ಲೇ ಹಿಡಿಸಿದ.

ಹಳೆಯ ಹಾಜರಿ ಪುಸ್ತಕ ತೆಗೆದೆ. ಇಪ್ಪತ್ಮೂರು ಹೆಸರು.
ಗೆರೆ ಎಳೆದು ಮನೆ ಮಾಡಿದೆ:
ವಯಸ್ಸು, ಮಂಡಿ, ಮಾತ್ರೆ, ಭಯ.
ದಸರಾ ರಜೆಯೊಳಗೇ ಹೋಗಬೇಕು,
ತುಲಾ ಸಂಕ್ರಮಣದ ತೀರ್ಥಕ್ಕೆ ಮೊದಲು ಮರಳಬೇಕು.
ರೈಲೂ ಇಲ್ಲದ ಜಿಲ್ಲೆ ನಮ್ಮದು, ವಿಮಾನದ ಮಾತು ಬಿಡಿ.
ಪೊನ್ನಂಪೇಟೆಯಿಂದ ಬೆಂಗಳೂರಿಗೆ ಮಿನಿ ಬಸ್ಸು,
ಹುಣಸೂರಿನಲ್ಲಿ ಒಂದು ನಿಲುಗಡೆ,
ಜೋಯಪ್ಪ ಮಾವನಿಗಾಗಿ ಮತ್ತೆ ನಾಲ್ಕು.

ಬಾಳೆ ಕಡಿಯುವ ಕತ್ತಿ ದೊಡ್ಡ ಪೆಟ್ಟಿಗೆಯಲ್ಲಿ, ಕೈಚೀಲದಲ್ಲಲ್ಲ,
ಮೂರು ಸಲ ಹೇಳಿದೆ, ಆಮೇಲೆ ಬರೆದು ಗೋಡೆಗೆ ಅಂಟಿಸಿದೆ.
ಕಾಚಂಪುಳಿ ಬಾಟಲಿಗೆ ಮೂರು ಪದರ ಪ್ಲಾಸ್ಟಿಕ್ಕು,
ಒಡೆದರೆ ಅಷ್ಟೂ ಕುಪ್ಪಸಕ್ಕೆ ಒಂದೇ ಬಣ್ಣ.
ಮಕ್ಕಳಿಗೆ ನೀರಾಟದ ಪಾರ್ಕು ಬೇಕಂತೆ,
ಅವರ ಅಮ್ಮಂದಿರಿಗೆ ಅಂಗಡಿ ಬೀದಿ.
ಜೋಯಪ್ಪ ಮಾವನಿಗೆ ಸುಣ್ಣಕಲ್ಲಿನ ಗುಹೆ ನೋಡುವಾಸೆ,
"ಮೆಟ್ಟಿಲು ಎಷ್ಟು?" ಎಂದೆ. ಆಸೆ ಅಲ್ಲಿಗೆ ಕೂತುಬಿಟ್ಟಿತು.

ಬೊಳ್ಳವ್ವನ ವಯಸ್ಸಿನ ಮನೆ ಮಾತ್ರ ಖಾಲಿ.
ಪಾಸ್‌ಪೋರ್ಟು ಎಂಬತ್ತಾರು ಎನ್ನುತ್ತದೆ, ಜನವರಿ ಒಂದು.
"ಹುತ್ತರಿಯಲ್ಲಿ ಕದಿರು ತೆಗೆದ ರಾತ್ರಿ ಹುಟ್ಟಿದವಳು ನಾನು,
ಜನವರಿಯಲ್ಲಿ ಯಾವ ಕದಿರು?"
ಪಾರ್ಕು ಬೇಡ, ಗುಹೆ ಬೇಡ, ಗಾಲಿಕುರ್ಚಿಯಂತೂ ಬೇಡ.
ಮತ್ತೇನು ಬೇಕು ಎಂದರೆ, ಕಿಟಕಿ.
"ಮೋಡವನ್ನು ಕೆಳಗಿಂದ ನೋಡಿದ್ದೇನೆ,
ಅದರ ಹೊಟ್ಟೆಯೊಳಗೆ ನಡೆದು ಹಸು ಹುಡುಕಿದ್ದೇನೆ.
ಬೆನ್ನು ನೋಡಿಲ್ಲ."
ವಿಮಾನ ಹೊರಡುವುದು ನಡುರಾತ್ರಿ. ಹೇಗೆ ಹೇಳಲಿ?
ಟಿಕೆಟ್ಟು ರದ್ದು ಮಾಡಿ ಹಗಲಿನದಕ್ಕೆ ಬದಲಿಸಿದೆ.
ತಲೆಗೆ ಎರಡು ಸಾವಿರ ಹೆಚ್ಚು. ಯಾರಿಗೂ ಕಾರಣ ಹೇಳಿಲ್ಲ.

ಭಾನುವಾರ ಒಂದು ತಾಲೀಮು ಇಟ್ಟೆ.
ಮಳೆಗಾಲದ ಪಾಚಿ ಕೆರೆದು ಕಾಫಿ ಕಣ ತೊಳೆದೆವು,
ಊಟದ ಕುರ್ಚಿ ತಂದು ಮೂರು ಮೂರರ ಸಾಲು ಹಾಕಿದೆವು,
ನಡುವೆ ಓಣಿ.
ಹದಿನಾಲ್ಕರ ತನುಷ್ ತಟ್ಟೆಯಲ್ಲಿ ಪೆಪ್ಪರ್‌ಮಿಂಟು ಹಿಡಿದು
"ಸೊಂಟಪಟ್ಟಿ ಬಿಗಿದುಕೊಳ್ಳಿ" ಎಂದ.
ಹೆಂಗಸರು ತಲೆವಸ್ತ್ರ ಬಿಚ್ಚಿ ಹೊಟ್ಟೆಗೆ ಕಟ್ಟಿಕೊಂಡರು.
ಎರಡು ವರ್ಷದ ಕುಶಿ ಅತ್ತು ಅತ್ತು ಮೂರು ತೊಡೆ ಬದಲಿಸಿ
ಕೊನೆಗೆ ನಾಯಿಯ ಪಕ್ಕ ನೆಲದಲ್ಲಿ ನಿದ್ದೆ ಹೋದಳು.
(ಇದನ್ನು ವಿಮಾನದಲ್ಲಿ ಮಾಡುವಂತಿಲ್ಲ ಎಂದು ಬರೆದುಕೊಂಡೆ.)

ಅಪ್ಪಚ್ಚು ಮಾತ್ರ ಓಣಿಯಲ್ಲೇ ನಿಂತಿದ್ದ.
ಮಾಕುಟ್ಟದ ತಿರುವುಗಳಲ್ಲಿ ರಾತ್ರಿ ಲಾರಿ ಇಳಿಸುವ ಗಂಡಸು,
ನಲವತ್ತೆರಡು ವಯಸ್ಸು, ಮಂಡಿ ಗಟ್ಟಿ, ಮಾತ್ರೆ ಇಲ್ಲ.
"ಸ್ಟೀರಿಂಗು ನನ್ನ ಕೈಯಲ್ಲಿಲ್ಲವಲ್ಲ ಟೀಚರ್" ಎಂದ, ಬಲು ಮೆಲ್ಲಗೆ.
ಕುರ್ಚಿ ನೆಲದ ಮೇಲೇ ಇತ್ತು. ಆದರೂ ಬೆವರಿದ್ದ.

ಬೊಳ್ಳವ್ವ ಪಕ್ಕದ ಕುರ್ಚಿ ತಟ್ಟಿದಳು. ಕೂತ.
ಅವನ ಮುಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು,
ಕಣ್ಣು ಎದುರಿನ ಬೆಟ್ಟದ ಮೇಲೆಯೇ ಇಟ್ಟು ಹೇಳಿದಳು:
"ಇಳೀಬೇಕು ಅನಿಸಿದರೆ ನನಗೆ ಹೇಳು ಮಗಾ.
ನಾನು ಹೇಳಿದರೆ ನಿಲ್ಲಿಸ್ತಾರೆ."

ಹನಿ ಶುರುವಾಯಿತು. ಒಬ್ಬರೂ ಏಳಲಿಲ್ಲ,
ಸಾಲು ಸಾಲಾಗಿ ಕೊಡೆ ಬಿಚ್ಚಿದರು.
ಪುಸ್ತಕ ಒದ್ದೆಯಾಗುತ್ತಿತ್ತು, ಪೆನ್ನು ಹಿಡಿದು ನಿಂತಿದ್ದೆ.
ಅವಳ ಆ ಮಾತಿಗೆ ನಾನು ಮನೆಯನ್ನೇ ಎಳೆದಿರಲಿಲ್ಲ.